ಭರತದ ಹೊತ್ತಿಗೆ ಬಂದ ಸಾಹೇಬ್ರಿಗೆ

ಕೋಡಿ, ಕುಂದಾಪ್ರ

ಹೊಳಿ ಹಾಳ್ ಮಾಡ್ದೇ ವ್ಯಾಪಾರ ಮಾಡುವವ್ರಿಗೆ ಹಸ್ರ್ ಮಾರ್ಕ್ ಕೊಡುವ ಯತೀಶ್ ಸಾಹೇಬ್ರಿಗೆ,

ನಾನ್ ಏಳ್ನೇ ಕ್ಲಾಸಿಗೇ ಶಾಲೆ ಬಿಟ್ಟವ, ತಪ್ಪಿದ್ರೆ ನೀವೇ ತಿದ್ಕಣಿ. ನಮ್ಮ ಹೆಂಗಸ್ರ್ ಚಿಪ್ಪಿ ಹೆಕ್ಕಿ ಹೊಳಿ ಹಾಳ್ ಮಾಡ್ತ್ರ್ ಅಂದ್ ಬರ್ದ್ರಿಯಲ್ದಾ, ಎಂತ ಕಂಡ್ ಬರ್ದದ್ದ್? ನೀವ್ ಬಂದದ್ದ್ ಭರತದ ಹೊತ್ತಿಗೆ, ಕಡಲ್ ಉಕ್ಕಿ ಹೊಳಿ ನೀರ್ ಎದಿಮಟ್ಟ ಇತ್ತ್. ಕಾರಿಂದ ಇಳೀಲೇ ಇಲ್ಲೆ.

"ಸಣ್ಣ ಚಿಪ್ಪಿ ವಾಪಾಸ್ ಬಿಡ್ತ್ರಿ ಅನ್ನೋದಕ್ಕೆ ದಾಖಲೆ ಎಲ್ಲಿ?" ಅಂದ್ರಿ. ನನ್ನಬ್ಬಿ ಸರಸ ಬುಟ್ಟಿ ತೋರ್ಸ್ತ್. ಅದ್ರ ತೂತಲ್ಲಿ ಸಣ್ಣದ್ದೆಲ್ಲ ನೀರಿಗೇ ಬೀಳತ್ತ್.

"ಬುಟ್ಟಿ ದಾಖಲೆ ಅಲ್ಲಮ್ಮ."

"ಹಂಗಾರೆ ಚಿಪ್ಪಿ ಹತ್ರ ಸಹಿ ಹಾಕ್ಸಿ ತರ್ಬೇಕಾ ಮಗಾ?" ಅಂದ್ ಕೇಳ್ತ್ ಅಬ್ಬಿ. ನೀವ್ ನೆಗಾಡ್ಲೂ ಇಲ್ಲೆ.

ಮಿಷನ್ ಹಾಕಿ ಹೊಳಿ ಅಡಿ ಕೆರ್ದ್, ಸಣ್ಣದ್ ದೊಡ್ಡದ್ ಎಲ್ಲ ಬಾಚುವ ಕಂಪೆನಿಗೆ ಫೈಲ್ ಇತ್ತ್ ಅಂದೇಳಿ ಹಸ್ರ್ ಮಾರ್ಕ್ ಕೊಟ್ರಿ! ಈಗ ಬ್ರಹ್ಮಾವರದ ಹೋಟ್ಲಿನವ್ರ್ ಮಾರ್ಕ್ ಇಲ್ದ ನಮ್ಮ ಚಿಪ್ಪಿ ಬ್ಯಾಡ ಅಂತ್ರ್. ಹದಿನಾಲ್ಕ್ ಹೆಂಗಸ್ರ್ ಕೆಲ್ಸ ಇಲ್ದೇ ಮನೇಲಿ ಕೂತಿದ್ರ್.

ಶುಕ್ರವಾರ ಬೆಳಿಗ್ಗೆ ಏಳ್ ಗಂಟಿಗೆ ನೀರ್ ಇಳಿತ್ತ್. ಬನ್ನಿ, ಚಪ್ಪಲ್ ಬಿಟ್ಟ್ ಹೊಳಿಗೆ ಇಳೀರಿ. ಅಬ್ಬಿ ಹೆಕ್ಕುವ ಜಾಗದಲ್ಲಿ ನಾಕ್ ಹೆಜ್ಜಿ ನಡೀರಿ, ಮತ್ತೆ ಕಂಪೆನಿ ಕೆರ್ದ ಜಾಗದಲ್ಲಿ ನಾಕ್ ಹೆಜ್ಜಿ. ಎಲ್ಲಿ ಕಾಲಿಗೆ ಚಿಪ್ಪಿ ಚುಚ್ಚತ್ತೋ, ಅಲ್ಲಿಗೆ ಮಾರ್ಕ್ ಕೊಡಿ.

ದಡದಲ್ಲೇ ಕಾಯ್ತೆ,
ಸರಸನ ಮಗ ಸುಜಿತ್