ಎಡಗಾಲಿನ ಪೆಡಲು

ಗುಬ್ಬಿ
ಭಾನುವಾರ, 11-7-2004

ಪ್ರೀತಿಯ ಅಣ್ಣನಿಗೆ, ನಿನ್ನ ಸುಮನಾ ಬರೆಯುವುದು.

ಜ್ವರ ಪೂರ್ತಿ ಬಿಟ್ಟಿತೇ? ರಾಯಪುರದ ಕಡೆ ನೀರು ಒಗ್ಗುವುದಿಲ್ಲ ಎಂದು ನೀನು ಬರೆದಿದ್ದೆ. ಊರೂರಿಗೆ ಬೋರ್‌ವೆಲ್ ಕೊರೆಯುವವನಿಗೇ ಕುಡಿಯಲು ನೀರು ಸರಿಯಿಲ್ಲ ಎಂದು ಅಮ್ಮನಿಗೆ ಸಂಕಟ. ಕಾಯಿಸಿ ಕುಡಿ. ಅಪ್ಪನ ಸಕ್ಕರೆ ಹತೋಟಿಯಲ್ಲಿದೆ, ಆದರೆ ಬಾಯಿ ಹತೋಟಿಯಲ್ಲಿಲ್ಲ. ಹೋದ ವಾರ ಒಬ್ಬಟ್ಟು ಕದ್ದು ತಿಂದು ಸಿಕ್ಕಿಬಿದ್ದರು.

ನಾನು ಹಿರೇಹಳ್ಳಿಯ ಗಾರ್ಮೆಂಟ್ಸ್‌ಗೆ ಸೇರಿದ್ದನ್ನು ಅಪ್ಪ ಫೋನಿನಲ್ಲಿ ಹೇಳಿದ್ದಾರೆ. ಹೇಗೆ ಎನ್ನುವುದನ್ನು ಹೇಳಿರಲಾರರು. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ಸಂಸ್ಥೆಯೊಂದು ತುಮಕೂರಿನಲ್ಲಿದೆ. ಅಲ್ಲಿಂದ ಮಂಜುಳಮ್ಮ ಎನ್ನುವವರು ಮನೆಗೆ ಬಂದಿದ್ದರು. ಅಮ್ಮ ಕಾಫಿ ಕೊಟ್ಟು, "ಕುಂತಲ್ಲಿಗೆ ಅನ್ನ ಹಾಕೋಕೆ ನಾವಿಲ್ವಾ?" ಎಂದರು. ಮಂಜುಳಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. "ಹಾಕ್ತೀರ ಬಿಡಿ. ಆದ್ರೆ ಅವಳನ್ನೂ ಒಂದು ಮಾತು ಕೇಳಿ" ಎಂದರು. ಅಮ್ಮ ಕೇಳಲಿಲ್ಲ. ನಾನೇ ಹೇಳಿದೆ, ಹೋಗ್ತೀನಿ ಅಂತ.

ಮೊದಲು ನನ್ನನ್ನು ದಾರ ಕತ್ತರಿಸುವ ಟೇಬಲ್ಲಿಗೆ ಹಾಕಿದರು. ಬೇರೆಯವರು ಹೊಲಿದ ಅಂಗಿಗಳ ಉಳಿದ ದಾರವನ್ನು ದಿನವಿಡೀ ಕತ್ತರಿಸುವುದು. ಬೀದಿಯವರ ರವಿಕೆಗಳನ್ನೆಲ್ಲ ಕೈಮೆಷಿನ್ನಿನಲ್ಲಿ ಹೊಲಿದುಕೊಟ್ಟವಳು ನಾನು. ಕೂತು ಮಾಡುವ ಕೆಲಸ, ಇನ್ನೇನು ಬೇಕು ಎಂದು ಎಲ್ಲರೂ ಹೇಳುತ್ತಿದ್ದರು. ಸಂಜೆ ಬಸ್ಸಿನಲ್ಲಿ ಬರುವಾಗ ನನಗೆ ಯಾರೊಂದಿಗೂ ಮಾತು ಬೇಡವಾಗುತ್ತಿತ್ತು. ಮಂಜುಳಮ್ಮ ಕೆಲಸ ಕೊಡಿಸಿ ಕೈತೊಳೆದುಕೊಳ್ಳುವವರಲ್ಲ. ಆಗಾಗ ಫ್ಯಾಕ್ಟರಿಗೇ ಬಂದು ಹೇಗಿದೆ ಎಂದು ಕೇಳುತ್ತಾರೆ. ಒಂದು ದಿನ ಹೇಳಿಬಿಟ್ಟೆ, ನನಗೆ ಮೆಷಿನ್ ಬೇಕು ಎಂದು.

ತೊಡಕಿದ್ದದ್ದು ಪೆಡಲಿನದು. ಕರೆಂಟಿನ ಮೆಷಿನ್ನುಗಳಲ್ಲಿ ಪೆಡಲನ್ನು ಬಲಗಾಲಲ್ಲಿ ಒತ್ತಬೇಕು. ಪೋಲಿಯೋ ಬಂದ ನನ್ನ ಬಲಗಾಲು ಕ್ಯಾಲಿಪರಿನ ಕಬ್ಬಿಣದ ಪಟ್ಟಿ ಕಟ್ಟಿದರೆ ನಿಲ್ಲುತ್ತದೆ ಅಷ್ಟೇ, ಹದವಾಗಿ ಒತ್ತಲಾರದು. ಮೆಷಿನ್ ರಿಪೇರಿಯ ಜುಲ್ಫಿಕರ್ ಭಾಯಿಯನ್ನು ಮಂಜುಳಮ್ಮ ಕರೆದು ತೋರಿಸಿದರು. ಅವರು ಪೆಡಲನ್ನು ಎಡಕ್ಕೆ ಸರಿಸಿಕೊಟ್ಟರು. ಮೊದಲ ದಿನ ಅದು ಜಾರಿ ಸೂಜಿ ಮುರಿಯಿತು, ಒಂದು ಕಾಲರು ಹಾಳಾಯಿತು. ಮತ್ತೆ ಬಿಚ್ಚಿ ಬೆಸುಗೆ ಹಾಕಿದರು. ಮ್ಯಾನೇಜರ್ ಪರಮಶಿವಯ್ಯನವರು ಕೆಟ್ಟವರಲ್ಲ, ಅನುಮಾನ ಜಾಸ್ತಿ. "ಇದನ್ನ ಇನ್ಯಾರೂ ಓಡ್ಸೋಕಾಗಲ್ವಲ್ಲಮ್ಮ" ಎಂದರು. "ದಿನಾ ನಾನೇ ಬರ್ತೀನಲ್ಲ ಸಾರ್" ಎಂದೆ. ಅಂದಿನಿಂದ ಕಾಲರು ಹೊಲಿಯುತ್ತಿದ್ದೇನೆ. ಸುಲಭ ಎಂದುಕೊಳ್ಳಬೇಡ, ಕಾಲರಿನ ಮೂಲೆ ಎಲ್ಲರ ಕೈಗೂ ಬಗ್ಗುವುದಿಲ್ಲ.

ಹೋದ ತಿಂಗಳು ಹೊಸ ಆರ್ಡರ್ ಬಂತೆಂದು ಮೆಷಿನ್ನುಗಳ ಜಾಗ ಬದಲಾಯಿಸಿದರು. ಸೋಮವಾರ ಹೋಗಿ ನೋಡಿದರೆ ನನ್ನ ಮೆಷಿನ್ ಇಲ್ಲ, ಮಹಡಿಗೆ ಹೋಗಿದೆ. ಸೂಪರ್‌ವೈಸರ್ ನನ್ನ ಮುಖವನ್ನೂ ನೋಡದೆ ದಾರದ ಟೇಬಲ್ ತೋರಿಸಿದ. ನಾನು ಕೂರಲಿಲ್ಲ ಅಣ್ಣ. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಅಲ್ಲಿ ಶಿರಾ ಗೇಟಿನ ರೂಬಿ ಎನ್ನುವ ಹುಡುಗಿ ನನ್ನ ಮೆಷಿನ್ನಿನೊಂದಿಗೆ ಒದ್ದಾಡುತ್ತಿದ್ದಳು. ನನ್ನ ಕಾಲು ನೋಡಿ, ಪೆಡಲು ನೋಡಿ, ಎದ್ದು ನಿಂತಳು. "ಇದು ನಿಂದಾ? ಬೆಳಗ್ಗಿಂದ ಒಂದೂ ನೆಟ್ಟಗೆ ಬಂದಿಲ್ಲ ಕಣೇ" ಎಂದಳು. ಅಷ್ಟರಲ್ಲಿ ಪರಮಶಿವಯ್ಯನವರು ಬಂದರು. ಮಂಜುಳಮ್ಮನನ್ನು ಕರೆಸಲು ಹೊತ್ತಿರಲಿಲ್ಲ. ನಾನೇ ಹೇಳಿದೆ: "ಮೆಷಿನ್ ಕೆಳಗೆ ಬರ್ಲಿ ಸಾರ್, ಇಲ್ಲಾಂದ್ರೆ ನಾನೇ ದಿನಾ ಹತ್ಕೊಂಡು ಬರ್ತೀನಿ. ಟೇಬಲ್ಲಿಗೆ ಮಾತ್ರ ಹೋಗಲ್ಲ." ಅವರು ನಾನು ಹತ್ತಿಬಂದ ಮೆಟ್ಟಿಲುಗಳನ್ನು ಇಣುಕಿ ನೋಡಿದರು. ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಮೆಷಿನ್ ಕೆಳಗೆ ಬಂತು. ರೂಬಿಯೇ ಒಂದು ಕಡೆ ಹಿಡಿದುಕೊಂಡಿದ್ದಳು. ಈಗ ಊಟಕ್ಕೆ ಒಟ್ಟಿಗೇ ಕೂರುತ್ತೇವೆ.

ಅಮ್ಮ ಈಗ ಬೆಳಗ್ಗೆ ಬೇಗ ಎದ್ದು ಡಬ್ಬಿ ಕಟ್ಟುತ್ತಾರೆ. ಬಸ್ಸು ತಪ್ಪಿದರೆ ನನಗಿಂತ ಅವರೇ ಜಾಸ್ತಿ ರೇಗುತ್ತಾರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ, ಲಾರಿಯ ಮೇಲೆ ಮಲಗಬಾರದಂತೆ. ಅಪ್ಪ ಅಮ್ಮ ಇಬ್ಬರ ಆಶೀರ್ವಾದವೂ ಇದರೊಳಗಿದೆ.

ನಿನ್ನ ತಂಗಿ
ಸುಮನಾ

ಮರೆತಿದ್ದೆ: ಪೇಟೆಯಲ್ಲಿ ಈ ಕಾಗದ ಡಬ್ಬಿಗೆ ಹಾಕಲು ಅಪ್ಪ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಬೇಗಬೇಗ ಬರೆದುಬಿಡುತ್ತೇನೆ. ಕುಣಿಗಲ್ಲಿನ ರೇವಣಸಿದ್ದಯ್ಯನವರು ತಮ್ಮ ಮಗಳನ್ನು ನಿನಗೆ ಕೊಡುವ ವಿಚಾರವಾಗಿ ನಿನ್ನೆ ಮತ್ತೆ ಬಂದಿದ್ದರು. "ತಂಗಿಗೆ ಒಂದು ದಾರಿಯಾಗುವವರೆಗೆ ನನಗೆ ಮದುವೆ ಬೇಡ" ಎಂದು ನೀನು ಹೇಳಿ ಕಳಿಸಿದ್ದು ನಿನ್ನೆಯೇ ನನಗೆ ಗೊತ್ತಾದದ್ದು. ನನಗೆ ದಾರಿಯಾಗಿದೆ ಅಣ್ಣ. ದೀಪಾವಳಿಗೆ ಹುಡುಗಿ ನೋಡಲು ಬರುತ್ತಾನೆ ಎಂದು ನಾನೇ ಅವರಿಗೆ ಮಾತು ಕೊಟ್ಟಿದ್ದೇನೆ, ಬಯ್ಯಬೇಡ. ಕುಣಿಗಲ್ಲಿಗೆ ನಾನೂ ಬರುತ್ತೇನೆ. ಯಾವ ದಿನ ಎಂದು ಮೊದಲೇ ತಿಳಿಸು, ಹಬ್ಬದ ಹೊತ್ತಿನಲ್ಲಿ ಆರ್ಡರ್ ಜಾಸ್ತಿ. ಮುಂಚೆ ಹೇಳದಿದ್ದರೆ ಪರಮಶಿವಯ್ಯನವರು ನನಗೆ ರಜೆ ಕೊಡುವುದಿಲ್ಲ.