ಕುಳ್ಳಗಾದ ಸಿದ್ದು

ಚಿಗಟೇರಿ
14 ಜುಲೈ 2024

ಪ್ರೀತಿಯ ಸಿದ್ದುವಿನ ಅಪ್ಪನಿಗೆ,

ಗಡಿಯ ಆ ಚಳಿಯಲ್ಲಿ ನಿಮ್ಮ ಮೊಣಕಾಲು ನೋವು ಹೇಗಿದೆ? ಕಟ್ಟಿಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಬೆಟಾಲಿಯನ್ ಗೆಳೆಯರಿಗೆ ಹಂಚಿಬಿಟ್ಟಿರೋ? ಇಲ್ಲಿ ಎಲ್ಲರೂ ಆರಾಮ, ನನಗೆ ನಿದ್ದೆಯಿಲ್ಲ ಅನ್ನುವುದೊಂದು ಬಿಟ್ಟರೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಫೋನ್ ಬಂದರೆ ಅತ್ತೆ ಸ್ಪೀಕರ್ ಹಾಕಿಸುತ್ತಾರೆ, ಆಮೇಲೆ ನಾನು ಹೇಳುವುದೇನು?

ನಮ್ಮ ಸಿದ್ದು ಕುಳ್ಳಗಾಗಿದ್ದಾನೆ. ನಗಬೇಡಿ. ಜನವರಿಯಲ್ಲಿ ಹರಪನಹಳ್ಳಿಯ ಮಕ್ಕಳ ಡಾಕ್ಟರ ಹತ್ತಿರ ಮೂರು ವರ್ಷದ ತಪಾಸಣೆಗೆ ಹೋದಾಗ ತೊಂಬತ್ತಾರು ಸೆಂಟಿಮೀಟರ್ ಇದ್ದ. ಎತ್ತರಕ್ಕೆ ತಕ್ಕ ತೂಕವಿಲ್ಲ, ಬಿಎಂಐ ಕಡಿಮೆ ಎಂದು ಡಾಕ್ಟರು ಪೌಡರ್ ಬರೆದುಕೊಟ್ಟರು. ಅದು ಸಿಗುವುದು ಅವರ ಕ್ಲಿನಿಕ್ಕಿನ ಕೆಳಗಿನ ಅಂಗಡಿಯಲ್ಲಿ ಮಾತ್ರ. ಅಂದಿನಿಂದ ಪೌಡರ್ ನನ್ನ ಪಾಲು, ತುಪ್ಪ ಬೆಲ್ಲ ಅತ್ತೆಯ ಪಾಲು. ಮೊನ್ನೆ ಮತ್ತೆ ಹೋದರೆ ತೊಂಬತ್ತೈದು! ತೂಕ ಮಾತ್ರ ಏರಿದೆ. ಬಿಎಂಐ ಮಿತಿ ದಾಟಿದೆ, ತಿನ್ನಿಸುವ ಕೈ ಬಿಗಿ ಮಾಡಿ ಎಂದರು. ಬೆಳೆಯುವ ಮಗು ಇಳಿಯುವುದು ಹೇಗೆ ಎಂದು ನರ್ಸ್ ಸುಂಕಮ್ಮನನ್ನು ಕೇಳಿದೆ. "ಗ್ವಾಡಿಗೆ ಹೊಡದ ಪಟ್ಟಿ ಅದು, ಅದೇನ್ ಹಿಗ್ಗತೈತೇನ್ರಕ್ಕ?" ಎಂದಳು.

ಯಾರನ್ನೂ ನಂಬಲು ಆಗಲಿಲ್ಲ. ಗೋಡೆಯ ಅಳತೆಪಟ್ಟಿಯೇ ಸುಳ್ಳೋ, ಪೌಡರ್ ಮಾರುವ ಉಪಾಯವೋ, ನನ್ನ ಬೆನ್ನ ಹಿಂದೆ ಅತ್ತೆ ಇನ್ನೇನು ತಿನ್ನಿಸುತ್ತಾರೋ ಎಂದು ಅವನ ಬಾಯಿ ಮೂಸಿ ನೋಡಿದೆ. ತುಪ್ಪದ ವಾಸನೆ. ನಿನ್ನೆ ಎರೆದು ಅವನ ಬೋಳು ತಲೆ ಒರೆಸುವಾಗ ಹೊಳೆಯಿತು: ಜನವರಿಯಲ್ಲಿ ಇನ್ನೂ ಜವಳ ತೆಗೆಸಿರಲಿಲ್ಲ. ಹುಟ್ಟಿದಾಗಿನಿಂದ ಬೀರಪ್ಪನಿಗೆಂದು ಬಿಟ್ಟ ಕೂದಲು ನೆತ್ತಿಯ ಮೇಲೆ ದೊಡ್ಡ ಗಂಟಾಗಿತ್ತು. ಸುಂಕಮ್ಮ ಬಿಚ್ಚಲು ಹೋದರೆ ಅತ್ತೆ, "ದೇವರ ಕೂದ್ಲ ಅದು, ಕೈ ಹಚ್ಚಬ್ಯಾಡವ್ವ" ಎಂದು ತಡೆದಿದ್ದರು. ಅಳತೆಯ ಹಲಗೆ ಗಂಟಿನ ಮೇಲೆ ಕೂತಿತು. ಇಲ್ಲದ ಎತ್ತರಕ್ಕೆ ಮಗು ಬಡಕಲಾಗಿ ಕಂಡಿತು. ಚೆನ್ನಾಗಿದ್ದವನಿಗೆ ಆರು ತಿಂಗಳು ತುರುಕಿದ್ದೇವೆ.

ಡಾಕ್ಟರಿಗೆ ಫೋನ್ ಮಾಡಿದರೆ "ಹಂಗೂ ಆಗಿರಬಹುದು, ಈಗಿನ ಅಳತೀನ ಹಿಡೀರಿ" ಎಂದರು. ಅಷ್ಟು ದೊಡ್ಡ ಗಂಟು ಅವರ ಕಣ್ಣಿಗೆ ಬೀಳಲಿಲ್ಲವೇ? ಪೌಡರನ್ನಂತೂ ನಿಲ್ಲಿಸಿದೆ. ಅತ್ತೆಗೆ ಹೇಳಿದರೆ, "ನಿನ್ನ ಓದು ನನ್ನ ಮೊಮ್ಮಗನ್ನ ಉಪವಾಸ ಕೆಡವತೈತಿ" ಎಂದು ಅವನನ್ನು ಎತ್ತಿಕೊಂಡು ಒಳಗೆ ಹೋದರು.

ಮೈ ಕಡೆ ಜೋಪಾನ. ಸಿದ್ದು ನಿಮ್ಮ ಫೋಟೊಕ್ಕೆ ಸೆಲ್ಯೂಟ್ ಹೊಡೆಯುತ್ತಾನೆ, ಎಡಗೈಯಲ್ಲಿ.

ನಿಮ್ಮ
ಕೀರ್ತನಾ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದೆ. ಅತ್ತೆ ಈಗಲೂ ಅವನ ರೊಟ್ಟಿಗೆ ತುಪ್ಪ ಸುರಿಯುತ್ತಿದ್ದರು. ಯಾಕೆಂದು ಕೇಳಿದರೆ, "ಸಿದ್ದು ಸೊರಗ್ಯಾನ ಅಂತ ನನ್ನ ಮಗನೇ ಫೋನಿನ್ಯಾಗ ಅಂದಾನ. ವಿಡಿಯೋದಾಗ ಗಲ್ಲ ತುಂಬಿ ಕಾಣಬೇಕು" ಎಂದರು. ನನಗೆ ಗೊತ್ತಿಲ್ಲದೆ ಯಾವಾಗ ಹಾಗೆ ಹೇಳಿದಿರಿ? ಅದು ಆಮೇಲೆ. ಈ ಕಾಗದ ಸಿಕ್ಕ ಮೇಲೆ ಮೊದಲು ವಿಡಿಯೋ ಕಾಲ್ ಮಾಡಿ, ಅವನನ್ನು ನೋಡಿ, ಅತ್ತೆಗೆ "ಸಾಕಬೇ, ಮೈ ತುಂಬೈತಿ" ಅನ್ನಿ. ಅವರು ಕೇಳುವುದು ನಿಮ್ಮೊಬ್ಬರ ಮಾತು. ಹೇಳುತ್ತೀರೋ ಇಲ್ಲವೋ, ನಾನು ಪಕ್ಕದಲ್ಲೇ ನಿಂತು ಕೇಳುತ್ತೇನೆ.