ಕೊಟ್ಟು ತಂದ ವೈನಿಗೆ

ಮುಧೋಳ
ಗುರುವಾರ, ೯-೧೦-೨೦೨೫

ಪ್ರೀತಿಯ ನಂದಾ ವೈನಿಯವರಿಗೆ, ನಿಮ್ಮ ವೈನಿ ಶೇವಂತಿಯ ನಮಸ್ಕಾರಗಳು.

ನಿಮ್ಮ ಕೈ ಹೇಗಿದೆ ಎಂದು ಮೊದಲು ಕೇಳುತ್ತೇನೆ. ಪ್ಲಾಸ್ಟರ್ ಹಾಕಿದ್ದು ಎಡಗೈಗೆ ಎಂದು ಕೇಳಿ, ಸದ್ಯ ಬಲಗೈ ಉಳಿಯಿತಲ್ಲ ಎಂದು ಒಂದು ಗಳಿಗೆ ಸಮಾಧಾನಪಟ್ಟೆ. ಆಮೇಲೆ ಆ ಸಮಾಧಾನಕ್ಕೇ ಹೇಸಿಗೆಯಾಯಿತು. ಈಗೀಗ ನನಗೆ ಬಹಳ ಸಂಗತಿಗಳಿಗೆ ಹೇಸಿಗೆಯಾಗುತ್ತಿದೆ. ಅದನ್ನೇ ಬರೆಯಲು ಕೂತಿದ್ದೇನೆ.

ಫೋನು ಮಾಡಬಹುದಿತ್ತು. ಆದರೆ ನಿಮ್ಮ ಫೋನು ನನ್ನ ಅಣ್ಣನ ಕಿಸೆಯಲ್ಲಿರುತ್ತದೆ, ನಿಮಗೆ ಕೊಟ್ಟರೂ ಸ್ಪೀಕರ್ ಹಾಕಿಯೇ ಕೊಡುತ್ತಾನೆ. ನಿಮ್ಮಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಲು ಬರುವ ಸಾವಕ್ಕನ ಮಗಳ ಮನೆ ಇಲ್ಲೇ ಮುಧೋಳದಲ್ಲಿದೆ. ಅವಳು ನಾಳೆ ಬನಹಟ್ಟಿಗೆ ಮರಳುವಾಗ ಈ ಪತ್ರ ತರುತ್ತಾಳೆ. ರವಿವಾರದೊಳಗೆ ಓದಿ, ಅಷ್ಟು ಸಾಕು.

ಮೇಲೆ ಮುಧೋಳ ಎಂದು ಬರೆದದ್ದು ನೋಡಿ ನಿಮಗೆ ಗೊತ್ತಾಗಿರಬೇಕು. ಮಂಗಳವಾರ ಜಮಖಂಡಿಯ ಮನೆ ಬಿಟ್ಟು ಬಂದೆ. ಮಗಳು ಭೂಮಿಕಾ ನನ್ನ ಜೊತೆಗಿದ್ದಾಳೆ. ಬಸ್ ಸ್ಟ್ಯಾಂಡಿನ ಹತ್ತಿರ ಸೀರೆಗೆ ಫಾಲು ಹಚ್ಚುವ, ಪಿಕೋ ಮಾಡುವ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಅಂಗಡಿಯ ಮಾಲಕಿ ಮೇಲಿನ ಕೋಣೆಯನ್ನೇ ಇರಲು ಕೊಟ್ಟಿದ್ದಾಳೆ. ಕೋಣೆ ಸಣ್ಣದು, ಆದರೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದು.

ಹತ್ತು ವರ್ಷದ ಹಿಂದೆ ಒಂದೇ ಹಂದರದಲ್ಲಿ ನಮ್ಮಿಬ್ಬರ ಮದುವೆಯಾಯಿತು. ಮಗ್ಗದ ಮನೆ ಎಂದು ನನ್ನ ಅಣ್ಣ ಪ್ರಭುಲಿಂಗನಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ನಮ್ಮ ಸೋದರಮಾವ ಶಂಕರೆಪ್ಪ ಜಮಖಂಡಿಗೆ ಹೋಗಿ, ನಿಮ್ಮ ಅಣ್ಣ ಅಮಿತನಿಗೆ ನನ್ನನ್ನು ಕೊಟ್ಟು ನಮ್ಮ ಮನೆಗೆ ನಿಮ್ಮನ್ನು ತರುವ ಮಾತು ಗಟ್ಟಿ ಮಾಡಿಕೊಂಡು ಬಂದರು. ನಿಮ್ಮ ಅಣ್ಣನ ಹೆಂಡತಿ ನಾನು, ನನ್ನ ಅಣ್ಣನ ಹೆಂಡತಿ ನೀವು. ಹೀಗಾಗಿ ನಾನೂ ನಿಮಗೆ ವೈನಿ, ನೀವೂ ನನಗೆ ವೈನಿ. ಮದುವೆಯ ದಂಡೆ ಕಟ್ಟಿಕೊಂಡು ಕೂತಾಗ ಇದನ್ನೇ ಹೇಳಿಕೊಂಡು ಇಬ್ಬರೂ ನಕ್ಕಿದ್ದೆವು, ನಿಮಗೆ ನೆನಪಿರಬಹುದು. ಇಂಥ ಸಂಬಂಧದಲ್ಲಿ ಒಬ್ಬಳ ಸಲುವಾಗಿ ಇನ್ನೊಬ್ಬಳನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ನನ್ನ ಅವ್ವ ಹೇಳಿದ್ದಳು. ಚೆನ್ನಾಗಿ ನೋಡಿಕೊಳ್ಳದಿದ್ದರೆ ಏನು ಮಾಡುತ್ತಾರೆ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೋದ ಶನಿವಾರದ ಸುದ್ದಿ ನಿಮಗೆ ಮುಟ್ಟಿರುತ್ತದೆ. ಮುಟ್ಟಲಿ ಎಂದೇ ಮಾಡಿದ್ದು ಅದು. ಮಗ್ಗದ ಕೋಣೆಯಲ್ಲಿ ಎಣ್ಣೆಗೆ ಕಾಲು ಜಾರಿ ಬಿದ್ದೆ ಎಂದು ನೀವು ಎಲ್ಲರಿಗೂ ಹೇಳಿದ್ದಿರಿ. ಆದರೆ ಮಹಾಲಿಂಗಪುರದ ದವಾಖಾನೆಯಲ್ಲಿ ನಿಮ್ಮ ಪಕ್ಕದಲ್ಲೇ ಕೂತಿದ್ದ ಜಮಖಂಡಿಯ ನಮ್ಮ ಓಣಿಯ ಹೆಂಗಸು ನಿಮ್ಮ ಕುತ್ತಿಗೆಯ ಮೇಲಿನ ಬೆರಳಿನ ಗುರುತನ್ನೂ ನೋಡಿ ಬಂದಿದ್ದಳು. ಸಂಜೆ ನಿಮ್ಮ ಅಪ್ಪ, ನನ್ನ ಮಾವ ಅಂದಾನೆಪ್ಪನವರು, ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಮಗನನ್ನು ಕರೆದರು. ಮಗಳನ್ನು ನೋಡಲು ಹೊರಡುತ್ತಾರೆ ಎಂದುಕೊಂಡು ನಾನು ಒಳಗೆ ಅವರ ಧೋತರಕ್ಕೆ ಇಸ್ತ್ರಿ ಮಾಡುತ್ತಿದ್ದೆ.

"ಅವರು ನಮ್ಮ ಹುಡುಗಿ ಕೈ ಮುರದಾರ. ನೀ ಅಂಗಡ್ಯಾಗ ಸೀರಿ ಮಡಚ್ಕೋಂತ ಕುಂಡರು," ಎಂದರು.

ನಿಮ್ಮ ಅಣ್ಣ ಈ ಹತ್ತು ವರ್ಷದಲ್ಲಿ ನನ್ನ ಮೇಲೆ ದನಿ ಏರಿಸಿದವರಲ್ಲ. ಒಳಗೆ ಬಂದರು. ನನ್ನ ಕೈಯಿಂದ ಇಸ್ತ್ರಿ ತೆಗೆದು ಬದಿಗಿಟ್ಟರು, ಧೋತರ ಸುಟ್ಟೀತೆಂದು ಪ್ಲಗ್ಗನ್ನೂ ತೆಗೆದರು. ಆಮೇಲೆ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಕಪಾಳಕ್ಕೆ ಹೊಡೆದರು. ಬೀದಿ ಬಾಗಿಲು ತೆರೆದಿತ್ತು. ಭೂಮಿಕಾ ತುಳಸಿಕಟ್ಟೆಯ ಹತ್ತಿರ ನಿಂತಿದ್ದಳು. ಮಾವನವರು ಚಹಾ ಕೇಳಿದರು, ನಾನೇ ಮಾಡಿ ತಂದುಕೊಟ್ಟೆ. ನಿಮ್ಮ ಅಣ್ಣ ನನ್ನ ಹಿಂದೆಯೇ ಅಡುಗೆಮನೆಗೆ ಬಂದು ಗಲ್ಲ ಮುಟ್ಟಿ ನೋಡಿ, ಅಂಗಡಿಯಲ್ಲಿ ಗಿರಾಕಿಗೆ ಸೀರೆಯ ಬಣ್ಣ ಮನಸ್ಸಿಗೆ ಬಂತೇ ಎಂದು ಕೇಳುವ ದನಿಯಲ್ಲಿ ಕೇಳಿದರು:

"ಭಾಳ ಹತ್ತೇತೇನ? ಅಪ್ಪಗ ಕಾಣ್ಲಿ ಅಂತ ಹಗೂರಕ ಬಡದೇನಿ."

ಖರೆ ಹೇಳುತ್ತೇನೆ ವೈನಿ, ನೋಯಲಿಲ್ಲ. ಹೇಸಿಗೆಯಾಯಿತು. ನನ್ನ ಅಣ್ಣ ಸಿಟ್ಟು ಬಂದರೆ ಮನುಷ್ಯನಾಗಿ ಉಳಿಯುವುದಿಲ್ಲ, ಅದು ಸಣ್ಣವಳಿದ್ದಾಗಿನಿಂದ ನನಗೆ ಗೊತ್ತು. ಇವರಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ. ಪ್ಲಗ್ಗು ತೆಗೆಯುವ ನೆನಪು ಇತ್ತು. ಮರುದಿನ ನನಗೆ ಸೇರುತ್ತದೆಂದು ಕರದಂಟು ತಂದರು. ನಾನು ತಿಂದೆ ಕೂಡ, ಭೂಮಿಕಾ ಮಾತ್ರ ಮುಟ್ಟಲಿಲ್ಲ.

ಇದನ್ನೆಲ್ಲ ನಿಮ್ಮ ಮನೆಯವರ ಮೇಲೆ ಹಾಕಿ ನಾನು ಸೀರೆ ಝಾಡಿಸಿಕೊಂಡು ಏಳುವಂತಿಲ್ಲ. ಎರಡು ವರ್ಷದ ಹಿಂದೆ ನೀವು ಮುಂದಿನ ಹಲ್ಲು ಮುರಿಸಿಕೊಂಡು, ಮಗ ಚಿದುನ ಕೈ ಹಿಡಿದುಕೊಂಡು ಬೆಳಗಿನ ಬಸ್ಸಿಗೆ ಜಮಖಂಡಿಗೆ ಬಂದಿರಿ. ನಿಮ್ಮ ಅವ್ವ ನಿಮ್ಮ ಬಾಯಿ ತೊಳೆಸಿ, ನಿಮ್ಮನ್ನು ಮಲಗಿಸಿ, ಹೊರಗೆ ಹೋದರು. ನೀವು ಎದ್ದಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಅವ್ವ ಎಲ್ಲಿ ಎಂದು ಕೇಳಿದಿರಿ. ಮಗಳು ಮನೆಯಲ್ಲಿ ಕೂತರೆ ಇನ್ನೊಂದು ಮನೆಯೂ ಒಡೆಯುತ್ತದೆ, ನೀನೇ ತಿಳಿಸಿ ಹೇಳಿ ಕಳಿಸು, ನನಗೆ ಅವಳ ಮುಖ ನೋಡಿ ಹೇಳಲಾಗದು ಎಂದು ನನಗೆ ಹೇಳಿ ಹೋಗಿದ್ದಾರೆ ಎಂದೆ. ಚಿದುಗೆ ಚಪ್ಪಲಿ ಹಾಕಿದಿರಿ. ನಾನೇ ಬಸ್ ಸ್ಟ್ಯಾಂಡಿಗೆ ಬಂದು, ಸೀಟು ಹಿಡಿದು ಕೊಟ್ಟು, ಕಿಟಕಿಯಿಂದ ಬಾಳೆಹಣ್ಣು ಕೊಟ್ಟೆ. ನೀವು ನನ್ನ ಕೈ ಹಿಡಿದು, ನಿಮ್ಮ ಬಾಳೇವು ನನ್ನಿಂದ ಕೆಡುವುದಿಲ್ಲ ವೈನಿ ಎಂದಿರಿ.

ನಾನು ಹೆದರಿದ್ದೆ. ಬನಹಟ್ಟಿಯ ನಮ್ಮ ಓಣಿಯ ಸುಶೀಲಕ್ಕನನ್ನು ನೀವು ನೋಡಿದ್ದೀರಿ. ಅವಳೂ ಹೀಗೆ ಕೊಟ್ಟು ತಂದ ಸಂಬಂಧದವಳು. ಅವಳ ಅಣ್ಣ ಹೆಂಡತಿಯನ್ನು ಓಡಿಸಿದ, ಎಂಟು ದಿನಕ್ಕೆ ಬೀಳಗಿಯ ಗಂಡನ ಮನೆಯವರು ಸುಶೀಲಕ್ಕನನ್ನು ತಂದು ಬಾಗಿಲಲ್ಲಿ ಇಳಿಸಿ ಹೋದರು. ಗಂಡ ರಸ್ತೆಯಲ್ಲಿ ನಿಂತು ಅತ್ತನಂತೆ. ಅತ್ತು, ಆಮೇಲೆ ಬೇರೆ ಮದುವೆಯಾದ. ಅವಳು ಇಪ್ಪತ್ತು ವರ್ಷದಿಂದ ತವರಿನಲ್ಲಿ ಕಂಡಿಕೆ ಸುತ್ತುತ್ತಿದ್ದಾಳೆ. ಅವಳ ಮಗ ಅಪ್ಪನ ಊರಿನ ಬಸ್ಸು ಕಂಡರೆ ಇವತ್ತಿಗೂ ಉಗುಳುತ್ತಾನೆ. ನನಗೆ ಜಮಖಂಡಿಯ ಮನೆ ಬೇಕಿತ್ತು. ಸಂಜೆ ಅಂಗಡಿ ಮುಚ್ಚಿ ಬಂದು ನನಗೆ ಹೂವು ಕೊಡುವ ಗಂಡ ಬೇಕಿದ್ದ. ನಿಮ್ಮ ಒಂದು ಹಲ್ಲಿಗೆ ಅಷ್ಟೆಲ್ಲ ಬಿಟ್ಟುಕೊಡಲು ನನ್ನ ಮನಸ್ಸು ಬರಲಿಲ್ಲ.

ಆಮೇಲೆ ನೀವು ಎರಡು ಪಂಚಮಿಗೂ ತವರಿಗೆ ಬರಲಿಲ್ಲ. ನಿಮ್ಮ ಅವ್ವ ಕಟ್ಟಿದ ಉಂಡಿಯನ್ನು ಅಂಗಡಿಯ ಆಳಿನ ಕೈಯಲ್ಲಿ ಕಳಿಸಿದರು. ಫೋನಿನಲ್ಲಿ ಅವರು ಏನು ಕೇಳಿದರೂ ಆರಾಮ ಇದ್ದೇನಿ ಎಂಬ ಒಂದೇ ಮಾತು ನಿಮ್ಮದು. ಪ್ರಭುಲಿಂಗ ಸುಧಾರಿಸಿದ ಎಂದು ಎಲ್ಲರೂ ನಂಬಿದರು. ನಾನು ನಂಬಿರಲಿಲ್ಲ. ನನಗೆ ಗೊತ್ತಿತ್ತು.

ಹೇಗೆ ಗೊತ್ತಿತ್ತು ಎಂದರೆ ಮಕ್ಕಳಿಂದ. ಭೂಮಿಕಾ ದಿನಾ ಸಾಲಿಯಿಂದ ಬಂದ ಕೂಡಲೇ ಅಜ್ಜಿಯ ಫೋನು ತೆಗೆದುಕೊಂಡು ಮಾಳಿಗೆಗೆ ಹೋಗಿ ನಿಮ್ಮ ಚಿದುಗೆ ಫೋನು ಮಾಡುತ್ತಾಳಲ್ಲ, ಮಕ್ಕಳ ಮಾತೆಂದು ನನ್ನ ಅಣ್ಣ ಸ್ಪೀಕರ್ ಹಾಕದೆ ಅವನ ಕೈಗೆ ಕೊಡುತ್ತಾನೆ. ಗಂಡ-ಹೆಂಡಿರ ಮಾತು ಈಗಿನಿಂದಲೇ ಸುರುವಾಯಿತು ಎಂದು ಮಾವನವರು ಎಲ್ಲರೆದುರು ನಗುತ್ತಿದ್ದರು. ಒಂಬತ್ತು ವರ್ಷದ ಹುಡುಗಿಯ ಮೇಲೆ ಆಡುವ ಚೇಷ್ಟೆಯೇ ಅದು? ನಾನೂ ಹಲ್ಲು ಕಿರಿಯುತ್ತಿದ್ದೆ. ಒಂದು ದಿನ ಬಟ್ಟೆ ತೆಗೆಯಲು ಮೇಲೆ ಹೋದಾಗ ಅವಳ ಮಾತು ಕಿವಿಗೆ ಬಿತ್ತು. ಇವತ್ತು ನಿಮ್ಮ ಮನೆಯಲ್ಲಿ ಏನಾದರೂ ಆಯಿತೇ ಎಂದು ಕೇಳುತ್ತಿದ್ದಳು. ಆಯಿತು ಎಂದು ಚಿದು ಹೇಳಿದ ದಿನ ಅವಳು ಪುಸ್ತಕ ತಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಅವಳನ್ನು ದಾಟದೆ ಯಾರೂ ನನ್ನ ಹತ್ತಿರ ಬರುವಂತಿರಲಿಲ್ಲ. ಓದಲು ಅಲ್ಲಿ ಬೆಳಕು ಚೆನ್ನಾಗಿದೆ ಎನ್ನುತ್ತಿದ್ದಳು.

ಅಪ್ಪ ಕರೆಂಟು ಹೋದಾಗ ಹೊಡೆಯುವುದಿಲ್ಲ, ಮಗ್ಗದ ಸದ್ದು ನಿಂತರೆ ಓಣಿಗೆ ಕೇಳಿಸುತ್ತದೆ ಎಂದು ಚಿದು ಅವಳಿಗೆ ಹೇಳಿದ್ದಾನೆ. ಅದಕ್ಕೇ ಅವನು ಸಾಲಿಯಲ್ಲಿದ್ದಾಗ ಲೈಟು ಹೋದರೆ ಖುಷಿಪಡುತ್ತಾನಂತೆ. ಅವ್ವ ಯಾರಿಗೂ ಹೇಳಬೇಡ ಎಂದಿದ್ದಾಳೆ, ಹೇಳಿದರೆ ನಿನ್ನ ಮಮ್ಮಿಗೆ ತ್ರಾಸಾಗುತ್ತದೆ ಎಂದೂ ಹೇಳಿದ್ದಾನೆ. ನನ್ನ ಸಲುವಾಗಿ ನೀವು ಬಾಯಿ ಮುಚ್ಚಿಕೊಂಡು ಹೊಡೆತ ತಿನ್ನುತ್ತಿದ್ದಿರಿ. ಅದು ತಿಳಿದು ಒಂದೂವರೆ ವರ್ಷವಾಯಿತು. ಅಷ್ಟು ದಿನವೂ ನಾನು ಹೊತ್ತಿಗೆ ಸರಿಯಾಗಿ ಉಂಡೆ, ಮೈತುಂಬ ನಿದ್ದೆ ಮಾಡಿದೆ, ಇಷ್ಟವಾದ ಸೀರೆ ಉಟ್ಟೆ. ಮಾವನವರ ಮೇಲೆ ನನಗೆ ಹೇಸಿಗೆ ಇದೆ, ಕನ್ನಡಿಯಲ್ಲಿ ಕಾಣುವವಳ ಮೇಲೆ ಅದಕ್ಕಿಂತ ಒಂದು ಕೈ ಹೆಚ್ಚೇ ಇದೆ.

ಸೋಮವಾರ ಶಂಕರೆಪ್ಪ ಮಾವ ಜಮಖಂಡಿಗೆ ಬಂದಿದ್ದರು. ರವಿವಾರ ಮಹಾಲಿಂಗಪುರದಲ್ಲಿ ಅವರ ಬೆಲ್ಲದ ದಾಸ್ತಾನಿನ ವಖಾರದಲ್ಲೇ ಎರಡೂ ಮನೆಯವರು ಕೂಡುವುದು, ಎರಡೂ ಕಡೆ ತಪ್ಪಾಗಿದೆ, ಒಂದಕ್ಕೊಂದು ಸರಿಹೋಯಿತು ಎಂದು ಬಗೆಹರಿಸುವುದು ಎಂದರು. ಒಂದಕ್ಕೊಂದು ಎಂದರೆ ನಿಮ್ಮ ಮಣಿಕಟ್ಟು, ನನ್ನ ಕಪಾಳ. ಮುಂದೆ ಹೀಗಾಗಬಾರದು ಎಂದರೆ ಸಂಬಂಧ ಇನ್ನೂ ಗಟ್ಟಿಯಾಗಬೇಕು, ಭೂಮಿಕಾಳನ್ನು ಚಿದುಗೆ ಎಂದು ಹಿರಿಯರ ಎದುರು ಈಗಲೇ ಮಾತಾಡಿಟ್ಟರೆ ಆಯಿತು ಎಂದರು. ಮಾವನವರಿಗೆ ಬಹಳ ಸೇರಿತು. ನಿಮ್ಮ ಅಣ್ಣ ತಲೆ ಬಗ್ಗಿಸಿ ಮೊಬೈಲು ನೋಡುತ್ತಿದ್ದರು. ಹೊಸ್ತಿಲ ಮೇಲೆ ಕೂತಿದ್ದ ಭೂಮಿಕಾ ಎದ್ದು ಒಳಗೆ ಬಂದಳು. ಅಳಲಿಲ್ಲ. ಸಾಲಿಯ ಲೆಕ್ಕವೊಂದು ತಿಳಿಯದೆ ಕೇಳುವಷ್ಟೇ ಶಾಂತವಾಗಿ ಕೇಳಿದಳು:

"ಮಮ್ಮಿ, ಚಿದು ನನಗ ಬಡದ್ರ ನಮ್ಮ ಮನ್ಯಾಗ ಯಾರಿಗೆ ಬಡೀತಾರ? ಅವಗ ತಂಗಿನ ಇಲ್ಲಲ್ಲ."

ಅವಳು ಕೇಳಿದ್ದು ತಪ್ಪಿದ್ದರೆ ತಿದ್ದಬಹುದಿತ್ತು. ನಾವು ಕಲಿಸಿದ್ದನ್ನು ಅವಳು ಸರಿಯಾಗಿಯೇ ಕಲಿತಿದ್ದಳು. ನಿಮ್ಮ ಚಿದು ಬಂಗಾರದಂಥ ಹುಡುಗ. ಅವನನ್ನೂ ಹೊಡೆಯುವವನೆಂದೇ ಹಿಡಿದಿದ್ದಾಳೆ. ಮದುವೆ ಎಂದರೆ ಅವಳಿಗೆ ಅಷ್ಟೇ ಗೊತ್ತು. ಮರುದಿನ ಬೆಳಿಗ್ಗೆ ಎರಡು ಚೀಲ ತುಂಬಿಕೊಂಡು ಮುಧೋಳದ ಬಸ್ಸು ಹತ್ತಿದೆ. ದಸರಾ ರಜೆಯೆಂದು ತವರಿಗೆ ಹೊರಟಿದ್ದಾಳೆ ಎಂದು ಓಣಿಯವರು ತಿಳಿದಿರಬಹುದು. ನಿಮ್ಮ ಅಣ್ಣ ಬಾಗಿಲವರೆಗೆ ಬಂದು, ಯಾವಾಗ ಬರುತ್ತೀ ಎಂದು ಕೇಳಿದರು. ನಾನು ಇಸ್ತ್ರಿಯ ಪ್ಲಗ್ಗು ತೆಗೆದಿದೆ, ನೋಡಿಕೊಳ್ಳಿ ಎಂದು ಹೇಳಿ ಬಂದೆ.

ಈಗ ರವಿವಾರದ ಮಾತು. ಅಷ್ಟು ಜನರ ನಡುವೆ ಶಂಕರೆಪ್ಪ ಮಾವ ನಿಮ್ಮನ್ನು ಕೇಳುತ್ತಾರೆ, ಪ್ರಭುಲಿಂಗ ಹೊಡೆದನೋ ಇಲ್ಲ ನೀನೇ ಬಿದ್ದೆಯೋ ಎಂದು. ನೀವು ನನ್ನ ಮುಖ ನೋಡಿ, ಬಿದ್ದೆ ಎನ್ನುತ್ತೀರಿ. ನನಗೆ ಗೊತ್ತು ನಿಮ್ಮ ಸ್ವಭಾವ. ಹಾಗೆ ಹೇಳಬೇಡಿ ವೈನಿ. ನಿಮ್ಮ ಮಾತಿಗೆ ನನ್ನನ್ನು ಹೊಡೆಯುವವರು ಈಗ ಯಾರೂ ಇಲ್ಲ, ನನ್ನನ್ನು ತಂದು ಯಾರ ಬಾಗಿಲಲ್ಲೂ ಇಳಿಸುವಂತಿಲ್ಲ. ನಾನಾಗಿಯೇ ಇಳಿದುಬಿಟ್ಟಿದ್ದೇನೆ. ಹಲ್ಲಿನದೂ ಹೇಳಿ, ಕುತ್ತಿಗೆಯದೂ ಹೇಳಿ, ಮಗ್ಗ ನಡೆಯುವಾಗಲೇ ಹೊಡೆಯುತ್ತಾನೆ ಎಂಬುದನ್ನೂ ಹೇಳಿ. ಅವನು ನನ್ನ ಒಡಹುಟ್ಟಿದವನು, ನಾನೂ ನಿಮ್ಮ ಪಕ್ಕದಲ್ಲಿ ನಿಂತು ಹೌದು ಎನ್ನುತ್ತೇನೆ. ಪೊಲೀಸ್ ಠಾಣೆಗೆ ಹೋಗಬೇಕೆಂದರೆ ಅಲ್ಲಿಗೂ ಬರುತ್ತೇನೆ. ಚಿದುನ ಸಾಲಿಯ ಪುಸ್ತಕ, ನಿಮ್ಮ ಆಧಾರ್ ಕಾರ್ಡು ಜೊತೆಗೆ ತನ್ನಿ. ಮಕ್ಕಳ ಮೇಲೆ ಯಾರಾದರೂ ಮಾತು ಕಟ್ಟಲು ಬಂದರೆ ಆ ವಖಾರದಲ್ಲಿ ನಾನು ಏನು ಮಾತಾಡುತ್ತೇನೋ ನನಗೇ ಗೊತ್ತಿಲ್ಲ.

ಇನ್ನು ಮೇಲೆ ನೀವು ನನ್ನನ್ನು ವೈನಿ ಎಂದು ಕರೆಯುತ್ತೀರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು. ಕೆಳಗಿನದನ್ನು ಓದಿದ ಮೇಲೆ ತೀರ್ಮಾನ ಮಾಡಿ.

ನಿಮ್ಮ ಋಣದಲ್ಲಿರುವ,
ಶೇವಂತಿ

ತಾ. ಕ.: ನೀವು ಹಲ್ಲು ಮುರಿಸಿಕೊಂಡು ಬಂದ ಆ ದಿನ ನಿಮ್ಮ ಅವ್ವ ಹಾಗೆ ಹೇಳಿರಲಿಲ್ಲ. ಆ ಮಾತಿನ ಒಂದಕ್ಷರವೂ ಅವರದಲ್ಲ. ನೀವು ಮಲಗಿದಾಗ ಅವರು ಅಡುಗೆಮನೆಗೆ ಬಂದು, ಮೇಲಿನ ಕೋಣೆ ನಂದಾಗೆ ಇರಲಿ, ನಿನ್ನನ್ನೂ ಯಾರೂ ಕಳಿಸದ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದರು. ನಾನು ಅವರನ್ನು ನಂಬಲಿಲ್ಲ. ಅವರು ಹೊರಗೆ ಹೋದದ್ದು ನಿಮಗೆ ಮಲಗಲು ಗಾದಿ ತರಲು. ಹೊಸ ಗಾದಿಯನ್ನು ರಿಕ್ಷಾದಲ್ಲಿ ಹಾಕಿಕೊಂಡು ಬರುವ ಹೊತ್ತಿಗೆ ನಾನು ನಿಮ್ಮನ್ನು ಬಸ್ಸು ಹತ್ತಿಸಿ ಬಂದಿದ್ದೆ. ನಂದಾ ಯಾಕೆ ಹೋದಳು ಎಂದು ಕೇಳಿದರು. "ಗಂಡನ ನೆನಪಾತಂತ್ರಿ, ನಿಲ್ಲಾಕ ಒಲ್ಲೆ ಅಂದ್ಳು," ಎಂದೆ. ಅವರು ಇವತ್ತಿಗೂ ಅದನ್ನೇ ನಂಬಿದ್ದಾರೆ. ರವಿವಾರ ಅವರೂ ಬರುತ್ತಾರೆ. ನನಗಿಂತ ಮೊದಲು ಅವರ ಹತ್ತಿರ ಹೋಗಿ ಮಾತಾಡಿ.